ನಾಲ್ಕು ಮೂಲೆಯ ಅರಿಶಿನ

ಆ ಶುಕ್ರವಾರ ಬೆಳಿಗ್ಗೆ ಮಂಜರಿ ದೀಪ ಹಚ್ಚುವಾಗ ಕಾರ್ಡು ಲಕ್ಷ್ಮಿಯ ಪಟದ ಮುಂದೆ ಇತ್ತು. ಹಿಂದಿನ ಸಂಜೆ ಅವಳ ಗಂಡ ಜಯರಾಮುವೇ ಅದನ್ನು ಅಲ್ಲಿಟ್ಟು, "ನಾಳೆ ಮಾರೋದು. ದೇವ್ರ ಮುಂದೆ ಇರ್ಲಿ," ಎಂದಿದ್ದ.

ಅಂಗೈಗಿಂತ ಚಿಕ್ಕ ರಟ್ಟು. ಮೇಲೆ, ಬ್ಯಾಟನ್ನು ಹೆಗಲಿಗೇರಿಸಿ ನಿಂತ ಒಬ್ಬ ಬೇಸ್‌ಬಾಲ್ ಆಟಗಾರ. ಸುಮಾರು ಐವತ್ತು ವರ್ಷದ ಹಿಂದೆ ಈ ದೇಶದಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣದೊಳಗೆ ಮಕ್ಕಳಿಗೆಂದು ಹಾಕಿಕೊಡುತ್ತಿದ್ದ ಚಿತ್ರವಂತೆ. ಈಗ ಅದನ್ನು ಮಾರಿದರೆ ಸಮರ್‌ಸೆಟ್‌ನಲ್ಲಿ ಅವರಿಬ್ಬರೂ ನೋಡಿಟ್ಟಿದ್ದ ಮನೆಯ ಡೌನ್ ಪೇಮೆಂಟ್‌ಗೆ ಸಾಕಾಗುತ್ತಿತ್ತು. ಸೋಮವಾರದೊಳಗೆ ಹಣ ತೋರಿಸದಿದ್ದರೆ ಮನೆ ಬೇರೆಯವರಿಗೆ ಎಂದು ಏಜೆಂಟ್ ಹೇಳಿಯಾಗಿತ್ತು.

ದೇವರ ಮುಂದೆ ಪ್ಲಾಸ್ಟಿಕ್ ಸುತ್ತಿದ್ದನ್ನು ಇಡುವುದುಂಟೇ ಎಂದು ಮಂಜರಿ ಕಾರ್ಡನ್ನು ಕವರಿನಿಂದ ಹೊರತೆಗೆದಳು. ನಾಗಮಂಗಲದ ತವರಿನಲ್ಲಿ ಅಕ್ಕಂದಿರ ಮದುವೆ ಬಂದಾಗಲೆಲ್ಲ ಲಗ್ನಪತ್ರಿಕೆಗೆ ಅರಿಶಿನ ಹಚ್ಚುವ ಕೆಲಸ ಅವಳದೇ. ಕಾರ್ಡುಗಳ ರಾಶಿ ಮುಂದಿಟ್ಟುಕೊಂಡು, ಬಟ್ಟಲಲ್ಲಿ ಕಲಸಿದ ಅರಿಶಿನಕ್ಕೆ ಬೆರಳದ್ದಿ, ಒಂದೊಂದರ ನಾಲ್ಕು ಮೂಲೆಗೂ ಮುಟ್ಟಿಸುತ್ತ ಹೋಗುವುದು. ಅರಿಶಿನ ಸೋಕದ ಕಾರ್ಡು ಹೊಸ್ತಿಲು ದಾಟುವ ಹಾಗಿರಲಿಲ್ಲ. ಇವತ್ತೂ ಒಂದು ಕಾರ್ಡು ಹೊಸ್ತಿಲು ದಾಟಬೇಕಿತ್ತು. ಬೆರಳು ತಾನಾಗಿ ಬಟ್ಟಲಿಗೆ ಹೋಯಿತು. "ಹೋದ ಕಡೆ ಒಳ್ಳೇದಾಗ್ಲಿ ತಾಯಿ," ಎಂದು ನಾಲ್ಕು ಮೂಲೆಗೂ ಹಚ್ಚಿ, ಆರಿದ ಮೇಲೆ ಕವರಿಗೆ ಸೇರಿಸಿ, ಲಕೋಟೆಯಲ್ಲಿಟ್ಟಳು. ಮನಸ್ಸು ತಿಳಿಯಾಗಿತ್ತು.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಜಯರಾಮು ಬಂದ. ಜೊತೆಗೆ ಅವನ ಆಫೀಸಿನ ಗೆಳೆಯ ಬದರಿ. ಎರಡು ವರ್ಷದ ಹಿಂದೆ, ರಿಟೈರ್ ಆಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರಿಂದ ಜಯರಾಮು ಬೋನಸ್ ದುಡ್ಡು ಕೊಟ್ಟು ಈ ಕಾರ್ಡು ಕೊಂಡಾಗ, ಬದರಿ ಅದನ್ನೇ ಹೇಳಿ ಹೇಳಿ ಆಫೀಸನ್ನೆಲ್ಲ ನಗಿಸಿದ್ದ. ಅವನ ದುಡ್ಡೆಲ್ಲ ಇಂಟರ್‌ನೆಟ್ ಕಂಪನಿಗಳ ಷೇರಿನಲ್ಲಿತ್ತು. ಎರಡು ಸಾವಿರದ ಇಸವಿಯ ಈ ಏಪ್ರಿಲ್‌ನಲ್ಲಿ ಮಾರ್ಕೆಟ್ ಕುಸಿದು ಅವನದು ಕಾಲು ಭಾಗಕ್ಕೆ ಇಳಿದಿತ್ತು. ಮನೆಗೆಂದು ಜಯರಾಮು ಇಟ್ಟಿದ್ದ ಷೇರುಗಳೂ ಅದೇ ದಾರಿ ಹಿಡಿದಿದ್ದವು. ಉಳಿದದ್ದು ಕಾರ್ಡೊಂದೇ.

"ಅತ್ತಿಗೆ," ಕಾರು ಹೊರಟಾಗ ಹಿಂದಿನ ಸೀಟಿನಲ್ಲಿ ಕೂತ ಬದರಿ ಶುರುಮಾಡಿದ, "ನಾನು ಎಂಬಿಎ ಮಾಡ್ದೋನು, ಕಾಗದದ ಮೇಲೆ ಕಾಗದ ತಗೊಂಡೆ. ನಿಮ್ ಯಜಮಾನ್ರು ಒಂದೇ ಒಂದು ರಟ್ಟು ತಗೊಂಡ್ರು. ಕೊನೆಗೆ ರಟ್ಟೇ ಗಟ್ಟಿ ಆಯ್ತಲ್ಲಪ್ಪಾ!"

"ನಗು, ನಗು," ಎಂದ ಜಯರಾಮು ಸ್ಟಿಯರಿಂಗ್ ತಿರುಗಿಸುತ್ತ. "ಷೇರನ್ನ ಕಂಪನಿಯೋರು ಎಷ್ಟು ಬೇಕಾದ್ರೂ ಅಚ್ಚು ಹಾಕ್ತಾರೆ. ಇದನ್ನ ಆ ವರ್ಷ ಹಾಕಿದ್ದಷ್ಟೆ. ಅದ್ರಲ್ಲೂ ಹುಡುಗ್ರು ಪಟಪಟ ಸದ್ದು ಬರ್ಲಿ ಅಂತ ಸೈಕಲ್ ಚಕ್ರಕ್ಕೆ ಸಿಕ್ಕಿಸಿ, ಅವ್ರ ಅಮ್ಮಂದಿರು ಕಸಕ್ಕೆ ಎಸ್ದು, ಮಿಕ್ಕಿರೋದು ಕೆಲವು."

"ಹಳೇದಾದ್ರೆ ಸಾಕಾ ಹಂಗಾದ್ರೆ? ನಮ್ಮಜ್ಜಂದು ರೇಷನ್ ಕಾರ್ಡ್ ಇದೆ, ತರಿಸ್ಲಾ?"

"ಹಳೇದಾದ್ರೆ ಸಾಲ್ದು ಕಣೋ, ಮೂಲೆ ನೋಡ್ತಾರೆ. ನಾಲ್ಕು ಮೂಲೆಗೂ ಲೆನ್ಸ್ ಇಟ್ಟು ನೋಡ್ತಾರೆ. ಒಂದು ಮೂಲೆ ಸವೆದಿದ್ರೆ, ಒಂದು ಕಲೆ ಇದ್ರೆ, ಅಲ್ಲಿಗೆ ಕತೆ ಮುಗೀತು. ನಮ್ದು ಈಗ ತಾನೆ ಪ್ರೆಸ್ಸಿಂದ ಬಂದಂಗಿದೆ."

ಮಂಜರಿಯ ತೊಡೆಯ ಮೇಲೆ ಲಕೋಟೆಯಿತ್ತು. ಅದನ್ನು ಹಿಡಿದ ಬೆರಳಿನ ಉಗುರಂಚು ಇನ್ನೂ ಹಳದಿಯಾಗಿತ್ತು. ಅವಳು ಬೆರಳು ಮಡಚಿದಳು. ಒಂದು ಮೂಲೆಯಲ್ಲ, ನಾಲ್ಕೂ.

"ರೀ."

"ಏನು?"

ಹಿಂದೆ ಬದರಿ ಇದ್ದ. ಎರಡು ವರ್ಷ ನಗೆಪಾಟಲಾಗಿದ್ದ ಗಂಡ ಇವತ್ತು ಮೊದಲ ಸಲ ತಲೆಯೆತ್ತಿ ಕೂತಿದ್ದ.

"ಏನಿಲ್ಲ. ಸಿಗ್ನಲ್ ಗ್ರೀನ್ ಆಯ್ತು."

ರೂಟ್ ಇಪ್ಪತ್ತೇಳು ಎಂಬ ಹೆದ್ದಾರಿಯ ಪಕ್ಕ, ಲಾಂಡ್ರಿಗೂ ಪಿಜ್ಜಾ ಅಂಗಡಿಗೂ ನಡುವೆ ಟೋನಿಯ ಅಂಗಡಿ. ಹಳೆಯ ಕಾರ್ಡುಗಳನ್ನು ಕೊಂಡು ಮಾರುವುದೇ ಅವನ ಕಸುಬು. ಬದರಿ ಇಳಿಯಲಿಲ್ಲ. "ಮಾರ್ಕೆಟ್ ಕ್ಲೋಸ್ ಆಗೋ ಹೊತ್ತು. ನನ್ ಹೆಣ ಎಷ್ಟೊತ್ತಿಗೆ ಎತ್ತುತ್ತಾರೆ ಅಂತ ರೇಡಿಯೋ ಕೇಳ್ತಿರ್ತೀನಿ. ನೀವು ಹೋಗ್ಬನ್ನಿ," ಎಂದ.

ಇದೇ ಸಮಯ ಎಂದುಕೊಂಡಳು ಮಂಜರಿ. "ರೀ, ಒಂದ್ನಿಮಿಷ ನಿಲ್ಲಿ." ಅಷ್ಟರಲ್ಲಿ ಜಯರಾಮು ಅವಳ ಕೈಯಿಂದ ಲಕೋಟೆ ತೆಗೆದುಕೊಂಡು ಬಾಗಿಲು ತಳ್ಳಿಯಾಗಿತ್ತು. ಟೋನಿ ಗಲ್ಲಾದ ಹಿಂದಿನಿಂದಲೇ ಕೈ ಚಾಚಿ ನಿಂತಿದ್ದ.

ಅವನು ಕಾರ್ಡನ್ನು ಕವರಿನಿಂದ ಜಾರಿಸಿ, ಮೇಜಿನ ದೀಪದ ಕೆಳಗಿಟ್ಟು, ಕಣ್ಣಿಗೆ ಲೆನ್ಸ್ ಒತ್ತಿಕೊಂಡ. ಜಯರಾಮು ಹೆಮ್ಮೆಯಿಂದ ಬಗ್ಗಿ ನೋಡಿದವನು ಹಾಗೆಯೇ ನಿಂತುಬಿಟ್ಟ. ಅರಿಶಿನವನ್ನು ಗುರುತಿಸಲು ಅವನಿಗೆ ಲೆನ್ಸ್ ಬೇಕಿರಲಿಲ್ಲ. ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಏನೇ ಇದು?"

"ಬೆಳಿಗ್ಗೆ ಪೂಜೇಲಿ..."

"ನಾಲ್ಕಕ್ಕೂ?"

"ಕಾರ್ಡಲ್ವಾ ಅಂತ..."

ಟೋನಿ ತಲೆಯೆತ್ತಿದ. "ಏನಾದರೂ ತೊಂದರೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನೋ, ನೋ," ಎಂದ ಜಯರಾಮು.

ಟೋನಿ ಮತ್ತೆ ಬಗ್ಗಿ, ಮೂಲೆಯಿಂದ ಮೂಲೆಗೆ ಲೆನ್ಸ್ ಸರಿಸಿದ. ಕೊನೆಗೆ, "ಮೇಣ," ಎಂದ. "ಆಗೆಲ್ಲ ಮೇಣದ ಕಾಗದದಲ್ಲಿ ಸುತ್ತಿ ಕಳಿಸುತ್ತಿದ್ದರು. ಅದರ ಕಲೆ. ಮೆಲ್ಲಗೆ ಒರೆಸಿದರೆ ಬಿಡುತ್ತದೆ. ಮೂಲೆಗಳು ಚೂಪಾಗಿವೆ. ಫೋನಿನಲ್ಲಿ ಮಾತಾಡಿದ ಬೆಲೆಯಲ್ಲಿ ಸ್ವಲ್ಪ ತಗ್ಗಿಸೋಣ, ಮೈ ಫ್ರೆಂಡ್. ಆಗಬಹುದೇ?"

ತಗ್ಗಿಸಿದ ಬೆಲೆಗೂ ಮನೆ ಬರುತ್ತಿತ್ತು. ಜಯರಾಮು ತಲೆಯಾಡಿಸಿದ. ಟೋನಿ ಚೆಕ್‌ಬುಕ್ ತೆಗೆದು, ಹೆಸರಿನ ಸ್ಪೆಲಿಂಗ್ ಕೇಳಿದ.

"ಜೆ... ಎ... ವೈ..."

"ರೀ, ಅದು ಮೇಣ ಅಲ್ಲ," ಎಂದಳು ಮಂಜರಿ ಕನ್ನಡದಲ್ಲಿ.

ಜಯರಾಮು ಟೋನಿಯ ಪೆನ್ನಿನಿಂದ ಕಣ್ಣು ಕೀಳದೆ, ನಗುಮುಖದಲ್ಲೇ, ಕೆಳದನಿಯಲ್ಲಿ ಹೇಳಿದ: "ಸುಮ್ನಿರು. ಮೇಣ ಅಂದಿದ್ದು ಅವ್ನು. ನಾವು ಅಂದ್ವಾ? ...ಎ... ಆರ್..."

ಸಮರ್‌ಸೆಟ್‌ನ ಆ ಮನೆಯ ಅಡುಗೆಮನೆಗೆ ಪೂರ್ವಕ್ಕೊಂದು ಕಿಟಕಿಯಿತ್ತು. ಅದರ ಪಕ್ಕ ದೇವರನ್ನಿಡುವುದೆಂದು ಮಂಜರಿ ಮನಸ್ಸಿನಲ್ಲಿ ಎಂದೋ ಗೊತ್ತುಮಾಡಿದ್ದಳು. ಈಗಿರುವ ಅಪಾರ್ಟ್‌ಮೆಂಟಿನಲ್ಲಿ ಕೋಟು ತೂಗುಹಾಕುವ ಕ್ಲಾಸೆಟ್ಟೇ ದೇವರ ಕೋಣೆ. ಆ ಮನೆ ಅವಳಿಗೆ ಗಂಡನಿಗಿಂತ ಹೆಚ್ಚಾಗಿ ಬೇಕಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಬೆಳಿಗ್ಗೆ ಆ ಬೆರಳನ್ನು ಅದ್ದಿದ್ದು ತಾಯಿಯ ಹೆಸರು ಹೇಳಿ. ಅದನ್ನು ಮೇಣವೆಂದು ಒಪ್ಪಿಕೊಂಡು ಪಡೆದ ಕಿಟಕಿಯ ಪಕ್ಕ ಅವಳನ್ನು ಯಾವ ಮುಖದಿಂದ ಕೂರಿಸುವುದು? ನಾಳೆ ಈ ಮನುಷ್ಯ ಒರೆಸಿ ಒರೆಸಿ, ಬಿಡದಿದ್ದಾಗ, ಏನೆಂದುಕೊಳ್ಳುತ್ತಾನೆ?

"...ಎ... ಎಂ..."

"ಮಿಸ್ಟರ್ ಟೋನಿ," ಎಂದಳು. "ನಾಟ್ ವ್ಯಾಕ್ಸ್. ಟರ್ಮರಿಕ್. ಐ ಪುಟ್. ದಿಸ್ ಮಾರ್ನಿಂಗ್."

ಪೆನ್ನು ನಿಂತಿತು. "ಟರ್ಮರಿಕ್? ಕರಿಗೆ ಹಾಕುತ್ತಾರಲ್ಲ, ಅದೇ?"

"ನೋ ಕರಿ. ಫಾರ್ ಗಾಡೆಸ್."

ಟೋನಿ ಅವಳನ್ನು ನೋಡಿ, ಆಮೇಲೆ ಜಯರಾಮುವನ್ನು ನೋಡಿದ. "ಇವರು ಹೇಳುತ್ತಿರುವುದು ನಿಜವೇ?"

ಹೆಂಡತಿಗೆ ಇಂಗ್ಲಿಷ್ ಸರಿಯಾಗಿ ಬಾರದು ಎಂದು ನಕ್ಕುಬಿಡಬಹುದಿತ್ತು. ಜಯರಾಮುವಿನ ತುಟಿ ಅದಕ್ಕೆಂದೇ ತೆರೆದಂತೆ ಮಂಜರಿಗೆ ಕಂಡಿತು.

"ಯೆಸ್," ಎಂದ. "ಇಟ್ಸ್ ಟ್ರೂ."

ಟೋನಿ ಪೆನ್ನಿಗೆ ಮುಚ್ಚಳ ಹಾಕಿದ. "ಇದು ಹೋಗುತ್ತದೆಯೇ?" ಎಂದು ಕೇಳಿದ್ದು ಮಂಜರಿಯನ್ನು.

"ಸನ್‌ಲೈಟ್," ಎಂದಳು ಅವಳು, ಸೀರೆಯ ಕಲೆಗಳನ್ನು ನೆನೆದು. "ಬಿಸಿಲಿಗೆ ಹಾಕಿದ್ರೆ ಹೋಗುತ್ತೆ ಅಂತ ಹೇಳಿ ಇವ್ರಿಗೆ."

ಜಯರಾಮು ಹೇಳಿದ. ಟೋನಿ ಮೊದಲ ಸಲ ನಕ್ಕ. "ಬಿಸಿಲಿಗಿಟ್ಟರೆ ಆಟಗಾರನೂ ಹೋಗುತ್ತಾನೆ, ಮೇಡಂ." ಆಮೇಲೆ ಇನ್ನೊಂದು ಬೆಲೆ ಹೇಳಿದ. ಅದರಲ್ಲಿ ಮನೆಯಿರಲಿ, ಮನೆಯ ಗ್ಯಾರೇಜೂ ಬರುತ್ತಿರಲಿಲ್ಲ. ಜಯರಾಮು ಥ್ಯಾಂಕ್ಸ್ ಹೇಳಿ ಕಾರ್ಡನ್ನು ಕವರಿಗೆ ಸೇರಿಸಿದ. ಈಗಲೂ ಮೂಲೆ ಮಡಚದಂತೆ ಸೇರಿಸಿದ.

ಹೊರಗೆ ಲಾಂಡ್ರಿಯ ಗೋಡೆಯ ಪಕ್ಕ ಅವನು ನಿಂತ. ಕಾರು ಆಚೆ ಸಾಲಿನಲ್ಲಿತ್ತು.

"ಮನೆ ಹೋಯ್ತು," ಎಂದ.

"ಹೂಂ. ಏಜೆಂಟ್‌ಗೆ ನಾನೇ ಹೇಳ್ತೀನಿ."

"ಬೇಡಮ್ಮಾ ತಾಯಿ. ನೀನು ಇವತ್ತು ಹೇಳಿರೋದೇ ಸಾಕು."

ಅವಳು ತಲೆ ತಗ್ಗಿಸಿದಳು. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದಳು. ಅವನು ಬೈಯಲಿಲ್ಲ. ಲಕೋಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಮಂಜೂ, ಬದರಿ ಕೇಳ್ತಾನೆ. ಅರಿಶಿನದ ವಿಷ್ಯ ಹೇಳು, ನಗ್ಲಿ, ಪರ್ವಾಗಿಲ್ಲ. ಒಳಗೆ ನಾನು ಸುಮ್ನಿರು ಅಂದ್ನಲ್ಲ..." ಅವನು ರಸ್ತೆಯ ಕಡೆ ನೋಡಿದ. "ಅದೊಂದನ್ನ ಹೇಳ್ಬೇಡ."

ಅವಳು ಉತ್ತರಿಸುವ ಮೊದಲೇ ಕಾರಿನ ಗಾಜು ಕೆಳಗಿಳಿಯಿತು. "ಏನ್ರೋ, ಎಷ್ಟಕ್ಕೆ ಹೋಯ್ತು?" ಎಂದು ಬದರಿ ಕೂಗಿದ. "ನಂದಂತೂ ಇವತ್ತೂ ಬಿತ್ತು. ನೀನಾದ್ರೂ ಒಳ್ಳೇ ಸುದ್ದಿ ಹೇಳೋ ಮಾರಾಯ!"

"ಮಾರ್ಲಿಲ್ಲ."

"ಆಂ? ಯಾಕೋ?"

ಜಯರಾಮು ಹೆಂಡತಿಯ ಮುಖ ನೋಡಿದ.

"ನಾನು ಗೊತ್ತಿಲ್ದೆ ಮೂಲೆಗೆಲ್ಲ ಅರಿಶಿನ ಹಚ್ಬಿಟ್ಟಿದ್ದೆ ಬದರಿ," ಎಂದಳು ಮಂಜರಿ. "ಇವ್ರು ಅದನ್ನ ಅಂಗಡಿಯವ್ನಿಗೆ ಇದ್ದ ಹಾಗೆ ಹೇಳಿದ್ರು."

ಅಷ್ಟು ಹೇಳಿ, ಕಾರಿನ ಬಾಗಿಲು ತೆಗೆದು ಕೂತಳು.