ಮೂತಿ ತಗ್ಗಿಸಿದ ಲಾರಿ

ನನ್ನ ಷಡ್ಡಕ ನಾಗೇಂದ್ರಪ್ಪನ ಮನೆಯಲ್ಲಿ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಹೆಂಡತಿಗಿಂತ ನಾಲ್ಕು ಮೆಟ್ಟಿಲು ಮೇಲೆ ಇರುವುದು ಒಂದು ಹಳೆಯ ಮೂತಿ ಲಾರಿ. ಎಂಜಿನ್ ಮುಂದಕ್ಕೆ ಚಾಚಿಕೊಂಡ ಆ ಮಾದರಿ ಈಗ ರಸ್ತೆಯ ಮೇಲೆ ಕಾಣಸಿಗುವುದಿಲ್ಲ. ಅವನಪ್ಪ ಅದರಲ್ಲಿ ಭತ್ತ ಹೊಡೆದೇ ಕೆರೆಬಿಳಚಿಯಲ್ಲಿ ಮನೆ ಕಟ್ಟಿದ್ದು. ಅಂದಿನಿಂದ ಆ ಮನೆಯ ಸೊಸೆಯರು ಅದೇ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಂದು ಬಾಗಿಲಲ್ಲಿ ಇಳಿಯಬೇಕೆಂಬುದು ಪದ್ಧತಿ. ನಾಗೇಂದ್ರಪ್ಪನ ಹೆಂಡತಿ ವನಜಾಕ್ಷಿಯೂ ಹಾಗೇ ಬಂದವಳು. ಧಾರೆ ಸೀರೆಗೆ ಅವತ್ತು ಹತ್ತಿದ ಗ್ರೀಸ್ ಇನ್ನೂ ಹೋಗಿಲ್ಲವೆಂದು ಇವತ್ತಿಗೂ ಗೊಣಗುತ್ತಾಳೆ.

ಈಗ ಅವರ ಮಗ ಮಾಲತೇಶನ ಮದುವೆ. ಹುಡುಗಿ ನ್ಯಾಮತಿಯ ಕಾವ್ಯಶ್ರೀ, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಚಿಕ್ಕಂದಿನಲ್ಲಿ ಬಿದ್ದು ಬಲಗಾಲು ಊನವಾಗಿದೆ. ನಿಧಾನವಾಗಿ ನಡೆಯುತ್ತಾಳೆ, ಎತ್ತರದ ಮೆಟ್ಟಿಲು ಹತ್ತಲಾರಳು. ನಿಶ್ಚಿತಾರ್ಥದ ದಿನ ನಮ್ಮ ಕಡೆಯ ಹೆಂಗಸರು ಕನಿಕರ ಉಕ್ಕಿ ಅವಳನ್ನು ಭತ್ತದ ಚೀಲದ ಹಾಗೆ ಎತ್ತಿ ವ್ಯಾನಿಗೆ ಹಾಕಿದರು. ಮೊಬೈಲಿನಲ್ಲಿ ಅದರ ವಿಡಿಯೊ ಬೇರೆ ಆಯಿತು. ದಾರಿಯುದ್ದಕ್ಕೂ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಆಮೇಲೆ ಮಾಲತೇಶನಿಗೆ ಒಂದೇ ಷರತ್ತು ಹಾಕಿದಳು.

"ಲಾರಿ ಆಗ್ಲಿ, ಎತ್ತಿನ ಗಾಡಿ ಆಗ್ಲಿ, ನಾನೇ ಹತ್ತಬೇಕು, ನಾನೇ ಇಳಿಬೇಕು. ಯಾರಾದ್ರೂ ಎತ್ತಾಕೆ ಬಂದ್ರೆ ಅಲ್ಲಿಂದಲೇ ವಾಪಸ್ ಹೋಗ್ತೀನಿ."

ಹೇಳಿದಂತೆ ಮಾಡುವವಳೆಂದು ಮಾಲತೇಶನಿಗೆ ಗೊತ್ತಿತ್ತು. ಅವನು ಹೆದರಿ ವಿಷಯವನ್ನು ಮನೆಯವರ ಮುಂದೆ ಇಟ್ಟ. ಒಂದು ಸ್ಟೂಲ್ ಇಟ್ಟರಾಯಿತಲ್ಲ ಎಂದಳು ವನಜಾಕ್ಷಿ. ಗಂಡಸರು ನಕ್ಕರು. ಸ್ಟೂಲ್ ಇರುವುದು ಬಲ್ಬ್ ಬದಲಿಸುವುದಕ್ಕೆ, ಮನೆತನದ ಲಾರಿಯ ಪಕ್ಕ ಅದನ್ನಿಟ್ಟರೆ ಬೀಗರು ಏನೆಂದುಕೊಂಡಾರು? ಲಾರಿಯ ಮುಂಭಾಗವನ್ನೇ ತಗ್ಗಿಸುವುದೆಂದು ತೀರ್ಮಾನವಾಯಿತು.

ಲಾರಿಯ ಮೂತಿ ನಿಂತಿರುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿನ ಮೇಲೆ. ಚನ್ನಗಿರಿಯ ಮೆಕ್ಯಾನಿಕ್ ವಿನೋದ್ ಕಟ್ಟಿನಿಂದ ಒಂದೆರಡು ಪಟ್ಟಿ ತೆಗೆದುಬಿಡೋಣ ಎಂದ. ನಾಗೇಂದ್ರಪ್ಪನಿಗೆ ಅದು ಅಪ್ಪನ ಪಕ್ಕೆಲುಬು ಕಿತ್ತಷ್ಟೇ ಸಂಕಟವಾಯಿತು. ಹೊನ್ನಾಳಿಯ ಕುಲುಮೆಯಲ್ಲಿ ಪಟ್ಟಿಗಳನ್ನು ಕಾಯಿಸಿ, ಬಡಿದು, ಬಾಗು ಕಡಿಮೆ ಮಾಡಿಸುವುದೇ ಮರ್ಯಾದಸ್ಥರ ಕೆಲಸ ಎಂದ. ಅಷ್ಟರಲ್ಲಿ ಜಗಳೂರಿನಿಂದ ಅವನ ಸೋದರಮಾವ ತಿಪ್ಪೇಶಪ್ಪ ಬಂದಿಳಿದ. ಈತ ಲಾರಿ ಓಡಿಸಿದವನಲ್ಲ, ಲೋಡಿನ ಮೇಲೆ ಮಲಗಿ ಊರೂರು ತಿರುಗಿದವನು. ಅಷ್ಟಕ್ಕೇ ಬ್ರಹ್ಮಜ್ಞಾನ. ತೆಗೆಯುವುದೂ ಬೇಡ, ಕಾಯಿಸುವುದೂ ಬೇಡ, ಮೇಲ್ಪಟ್ಟಿಯ ತುದಿಗಳಲ್ಲಿ ಮೇಲಕ್ಕೆ ಸುತ್ತಿದ ಬಳೆಯಂಥ ಕಣ್ಣುಗಳಿರುತ್ತವಲ್ಲ, ಕೆಳಕ್ಕೆ ಸುತ್ತಿದ ಕಣ್ಣಿನ ಪಟ್ಟಿ ಮಾಡಿಸಿ ಹಾಕಿದರೆ ಗಾಡಿ ತಾನಾಗಿ ಕೂರುತ್ತದೆ ಎಂದ. ಮೂರರಲ್ಲಿ ಯಾವುದು ಮಾಡಿದರೂ ಮೂತಿ ಮೂರು ಬೆರಳು ತಗ್ಗುತ್ತಿತ್ತು. ಹುಡುಗಿಗೆ ಬೇಕಾಗಿದ್ದೂ ಅಷ್ಟೇ.

ಆದರೆ ಗೆಲ್ಲಬೇಕಾಗಿದ್ದದ್ದು ಹುಡುಗಿಯ ಕಾಲಲ್ಲ, ಇವರ ಮಾತು. ವಾದ ಊಟಕ್ಕೂ ಬಿಡಲಿಲ್ಲ. ಕೊನೆಗೆ ನಮ್ಮ ಕಡೆಯ ಹಟಮಾರಿಗಳೆಲ್ಲ ಹೋಗುವ ಜಾಗಕ್ಕೇ ಹೋದರು, ಚೌಡಮ್ಮನ ಗುಡಿಗೆ, ಹೂ ಕೇಳುವುದಕ್ಕೆ. ದೇವಿಯ ಮೈಮೇಲೆ ಇಟ್ಟ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಪಟ್ಟಿ ತೆಗೆಯುವುದೇ ಎಂದು ಕೇಳಿದರು, ಹೂ ಬಲಕ್ಕೆ ಬಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ತನ್ನದನ್ನೂ ಕೇಳಲೇಬೇಕೆಂದ ನಾಗೇಂದ್ರಪ್ಪ, ಅದೂ ಬಲಕ್ಕೆ. ತಿಪ್ಪೇಶಪ್ಪನ ಕಣ್ಣಿನ ವಿಚಾರವೂ ಬಲಕ್ಕೇ. ದೇವಿಯ ಎಡಗಡೆ ಭಕ್ತರೊಬ್ಬರು ಹೊಸದಾಗಿ ಕೊಡಿಸಿದ್ದ ಟೇಬಲ್ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಅದನ್ನು ತೋರಿಸಿದ ನನ್ನನ್ನು ನಾಸ್ತಿಕ ಎಂದರು.

ದೇವಿ ಮೂರಕ್ಕೂ ಅಪ್ಪಣೆ ಕೊಟ್ಟ ಮೇಲೆ ಒಂದನ್ನು ಬಿಡುವ ಧೈರ್ಯ ಯಾರಿಗಿದೆ? ಮೂರನ್ನೂ ಮಾಡಿಸಿದರು. "ಮೂರೂ ಸೇರಿದ್ರೆ ಮೂತಿ ನೆಲ ನೆಕ್ತೈತೆ, ನೋಡ್ರಿ" ಎಂದು ವಿನೋದ್ ಒಮ್ಮೆ ಹೇಳಿದ, ಆಮೇಲೆ ಸ್ಪ್ಯಾನರ್ ಎತ್ತಿಕೊಂಡ. ಮದುವೆಯ ದಿನ ಲಾರಿ ಅವನ ಶೆಡ್ಡಿನಿಂದ ನೇರವಾಗಿ ನ್ಯಾಮತಿಗೆ ಹೋಯಿತು.

ಧಾರೆ ಮುಗಿದ ಮೇಲೆ ಕಾವ್ಯಶ್ರೀ ಲಾರಿಯ ಬಾಗಿಲ ಮುಂದೆ ನಿಂತಳು. ಮೆಟ್ಟಿಲು ನೋಡಿದಳು, ಕಂಬಿ ಹಿಡಿದಳು, ಎಡಗಾಲಿಟ್ಟು ಹತ್ತಿ ಕೂತಳು. ಯಾರೂ ಮುಟ್ಟಲಿಲ್ಲ. ಅವಳು ನಕ್ಕಳು. ಆ ಒಂದು ನಗುವಿಗಾಗಿ ಮೂವರು ಮೂರ್ಖರನ್ನೂ ಕ್ಷಮಿಸಿಬಿಡಬಹುದಿತ್ತು, ಕಥೆ ಅಲ್ಲಿಗೇ ನಿಂತಿದ್ದರೆ.

ಹೊನ್ನಾಳಿ, ಸಾಸ್ವೆಹಳ್ಳಿ ದಾಟುವಷ್ಟರಲ್ಲಿ ರಸ್ತೆಯ ಪ್ರತಿ ಹಂಪ್‌ಗೂ ಬಂಪರ್ ಕಿರುಚಿತು. ಓರೆಯಾಗಿ ಹತ್ತಿಸಿ, ಓರೆಯಾಗಿ ಇಳಿಸಿ, ಹೇಗೋ ಕೆರೆಬಿಳಚಿ ಮುಟ್ಟಿದರು. ಮನೆ ಕಣ್ಣಿಗೆ ಕಾಣುತ್ತಿತ್ತು. ಮಧ್ಯೆ ನಾಗೇಂದ್ರಪ್ಪನ ಹಂಪ್. ಹೋದ ವರ್ಷ ಹಾಲಿನ ವ್ಯಾನಿಗೆ ಸಿಕ್ಕಿ ಅವನ ಹುಂಜ ಸತ್ತಾಗ, ಸಿಟ್ಟಿನಲ್ಲಿ ತಾನೇ ಸಿಮೆಂಟ್ ತಂದು ರಸ್ತೆಗೆ ಅಡ್ಡಲಾಗಿ ಹಾಕಿಸಿದ್ದು, ಎಮ್ಮೆ ಮಲಗಿದಷ್ಟು ಎತ್ತರ. ಇಡೀ ಊರು ಅದಕ್ಕೆ ಶಾಪ ಹಾಕುತ್ತಿತ್ತು. ಲಾರಿಯ ಮೂತಿ ಅರ್ಧ ಏರಿ ಅದಕ್ಕೆ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ರಾಹುಕಾಲ ಹತ್ತಿರವಾಗುತ್ತಿತ್ತು. ಬಾಗಿಲಲ್ಲಿ ವನಜಾಕ್ಷಿ ಆರತಿ ಹಿಡಿದು ನಿಂತಿದ್ದಳು. ಮೂರರಲ್ಲಿ ಯಾರ ಉಪಾಯದಿಂದ ಹೀಗಾಯಿತೆಂದು ಮೂತಿಯ ಮುಂದೆ ಮತ್ತೆ ವಾದ ಶುರುವಾಯಿತು. ಗಾಡಿ ಬಾಗಿಲಿಗೆ ಹೋಗುವವರೆಗೆ ಸೊಸೆ ಇಳಿಯಕೂಡದು ಎಂದ ನಾಗೇಂದ್ರಪ್ಪ. ತಿಪ್ಪೇಶಪ್ಪ ಸೀದಾ ಹೆಂಗಸರ ಕಡೆ ತಿರುಗಿ ಹೇಳಿದ:

"ಏನ್ ನೋಡ್ತೀರಿ, ಹುಡುಗೀನ ಎತ್ಕೊಂಡು ನಡೀರಿ."

ಮಾಲತೇಶನ ಮುಖ ಬಿಳಿಚಿತು. ಹೆಂಗಸರು ಸೆರಗು ಸಿಕ್ಕಿಸಿ ಮುಂದೆ ಬರುವಷ್ಟರಲ್ಲಿ ಲಾರಿಯ ಬಾಗಿಲು ತೆರೆಯಿತು. ಅಷ್ಟು ತಗ್ಗಿದ ಗಾಡಿಯಿಂದ ಇಳಿಯುವುದು ಜಗಲಿಯಿಂದ ಇಳಿದಷ್ಟೇ ಸಲೀಸು. ಕಾವ್ಯಶ್ರೀ ರಸ್ತೆಯ ಮೇಲೆ ನಿಂತು ಸೆರಗು ಸರಿಮಾಡಿಕೊಂಡು ನಾಗೇಂದ್ರಪ್ಪನ ಕಡೆ ತಿರುಗಿದಳು.

"ಮಾವ, ಇಳಿಯಾಕೆ ಭಾಳ ಸಲೀಸಾಗೈತೆ. ನೀವು ಗಾಡಿ ತಗೊಂಡು ನಿಧಾನಕ್ಕೆ ಬರ್ರಿ."

ಅಷ್ಟು ಹೇಳಿ ಹಂಪಿನ ಪಕ್ಕದ ಸಂದಿಯಲ್ಲಿ ಹೆಜ್ಜೆ ಹಾಕಿದಳು. ಮಾಲತೇಶ ಅವಳ ಕೈ ಹಿಡಿಯದೆ ಪಕ್ಕದಲ್ಲಿ ನಡೆದ. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಅವಳು ಆ ಬಲಗಾಲಿನಿಂದಲೇ ಒದ್ದು ಒಳಗೆ ಹೋದಳು.

ಮನೆ ತುಂಬಿಸಿಕೊಂಡ ಫೋಟೊ ಈಗ ಅವರ ಪಡಸಾಲೆಯ ಗೋಡೆಯ ಮೇಲಿದೆ. ಅದರಲ್ಲಿ ಎಲ್ಲರೂ ಇದ್ದಾರೆ, ನಾಗೇಂದ್ರಪ್ಪ ಮಾತ್ರ ಇಲ್ಲ. ಆ ಹೊತ್ತಿಗೆ ಅವನು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು, ತನ್ನ ಹಂಪನ್ನು ತಾನೇ ಒಡೆಯುತ್ತಿದ್ದ.