ಮೂರು ತೂತಿನ ಚೀಟಿ

ಇದು ನಿಜವಾಗಿ ನಡೆದ ಕಥೆ. ನಡೆದದ್ದು ಅನ್ನುವುದಕ್ಕಿಂತ ಕೂತದ್ದು ಅಂದರೆ ಸರಿ, ಏಕೆಂದರೆ ಇದರ ಜೀವ ಇರುವುದೇ ಒಂದು ಕುರ್ಚಿಯಲ್ಲಿ.

ಹೋಟೆಲುಗಳ ಬಟ್ಟೆ ಒಗೆದು ಕಳಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿ ಇಸ್ತ್ರಿಯವರೆಲ್ಲ ನಿಂತೇ ಕೆಲಸ ಮಾಡಬೇಕು, ಕೂರುವ ಹಕ್ಕು ಮೇಸ್ತ್ರಿಗೆ ಮಾತ್ರ. ಇಪ್ಪತ್ತೆರಡು ವರ್ಷ ನಿಂತು ನಿಂತು, ಮೀನಖಂಡದ ನರಗಳು ಹಗ್ಗದ ಹಾಗೆ ಗಂಟುಕಟ್ಟಿದ ಮೇಲೆ ಆ ಕುರ್ಚಿ ಗರಿಗರಿ ಮೇಸ್ತ್ರಿಗೆ ಸಿಕ್ಕಿತ್ತು. ಅವರು ಇಸ್ತ್ರಿ ಮಾಡಿದ ಶರ್ಟಿನಂತೆ ಅವರ ಮಾತೂ ಗರಿಗರಿ, ಅದಕ್ಕೇ ಆ ಹೆಸರು. ಈಗ ಹೊಸದಾಗಿ ಬಂದ ಮ್ಯಾನೇಜರ್ ಮೇಡಂ ಗೋಡೆಗೆ ನೋಟೀಸು ಅಂಟಿಸಿದ್ದರು: ಹೋಟೆಲುಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬಾರದ ಮೇಸ್ತ್ರಿಗಳು ಮತ್ತೆ ಇಸ್ತ್ರಿ ಮೇಜಿಗೆ. ಪರೀಕ್ಷೆ ಶುಕ್ರವಾರ ಹನ್ನೊಂದು ಗಂಟೆಗೆ.

“ರೀ, ನಮ್ ಸಂಜೆ ಇಂಗ್ಲಿಷ್ ಕ್ಲಾಸಿಗೆ ನೀವೂ ಬಂದ್ಬಿಡಿ” ಎಂದಿದ್ದಳು ಹೆಂಡತಿ.

“ನಿನ್ ಪಕ್ಕ ಬೆಂಚಲ್ಲಿ ಕೂತು ಎ ಬಿ ಸಿ ಡಿ ಹೇಳ್ಲಾ? ನಂಗೆ ಬರುತ್ತೆ ಕಣೇ ಇಂಗ್ಲಿಷು. ಯೆಸ್, ನೋ, ಆಲ್‌ರೈಟ್. ಮೂರು ಮಾತಲ್ಲಿ ಇಪ್ಪತ್ತೆರಡು ವರ್ಷ ತಳ್ಳಿಲ್ವಾ?”

“ಸರಿ ಬಿಡಿ” ಎಂದು ಅವಳು ಅವರ ಬಿಳಿ ಕೋಟನ್ನು ಕೊಡವಿ ಕೈಗಿತ್ತಳು.

ಸೋಮವಾರ ಮಧ್ಯಾಹ್ನ ಶುರುವಾಯಿತು ಕಾಟ. ಮೇಸ್ತ್ರಿ ಊಟಕ್ಕೆ ಹೋಗುವಾಗ ಕೋಟನ್ನು ಗೂಟಕ್ಕೆ ನೇತುಹಾಕುತ್ತಾರೆ. ತಿರುಗಿ ಬಂದು ತೊಟ್ಟುಕೊಂಡು, ಕಾಲರುಗಳ ಸುಕ್ಕು ನೋಡಲು, ಲಾಂಡ್ರಿಯಲ್ಲಿ ದಿನಕ್ಕೆ ಅದೊಂದೇ ಸಲ, ಒಳಜೇಬಿನಿಂದ ಕನ್ನಡಕ ತೆಗೆಯುತ್ತಾರೆ. ಅವತ್ತು ಕನ್ನಡಕಕ್ಕಿಂತ ಮೊದಲು ಕೈಗೆ ಸಿಕ್ಕಿದ್ದು ಜೇಬಿನ ಬಟ್ಟೆಗೆ ಗುಂಡುಪಿನ್ನಿನಿಂದ ಚುಚ್ಚಿದ್ದ ಒಂದು ಚೀಟಿ. ದಪ್ಪಕ್ಷರದ ಇಂಗ್ಲಿಷು: ಯು ಮೈಟ್ ಲೂಸ್ ಯುವರ್ ಚೇರ್.

ಲೂಸ್ ಎಂಬುದನ್ನು ಓದಿದ್ದೇ ಪಿತ್ತ ನೆತ್ತಿಗೇರಿತು. ನನ್ನನ್ನೇ ಲೂಸ್ ಅಂದದ್ದು ಯಾರು! ಆಮೇಲೆ ಚೇರ್ ಕಣ್ಣಿಗೆ ಬಿತ್ತು. ಓಹೋ, ಕುರ್ಚಿ ಲೂಸಾಗಿದೆ. ಮೇಸ್ತ್ರಿ ಕುರ್ಚಿಯನ್ನು ತಲೆಕೆಳಗು ಮಾಡಿ ನಾಲ್ಕೂ ಕಾಲಿನ ಸ್ಕ್ರೂ ಬಿಗಿ ಮಾಡಿ, ಎರಡು ಸಲ ಕೂತೆದ್ದು ನೋಡಿದರು. ಇಸ್ತ್ರಿಯವರು ಮುಖಮುಖ ನೋಡಿಕೊಂಡರು.

ಸಮಾಧಾನ ಮಾತ್ರ ಆಗಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ಸೋಪಿನ ಡಬ್ಬಿಯ ಪಕ್ಕ ಹೆಂಡತಿಯ ಕ್ಲಾಸಿನ ಪುಸ್ತಕ ಬಿದ್ದಿತ್ತು. ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು ಹುಡುಕಿದರು. ಲೂಸ್ ಅಂದರೆ ಕಳೆದುಕೊಳ್ಳುವುದು. ಮೈಟ್ ಅಂದರೆ ಹಾಗೂ ಆಗಬಹುದು, ಸಣ್ಣ ಗುಮಾನಿ ಅಷ್ಟೇ. ನೀನು ಕುರ್ಚಿ ಕಳೆದುಕೊಂಡೀಯ!

ಮಂಗಳವಾರದ ಚೀಟಿ: ಯು ಮೇ ವೆಲ್ ಲೂಸ್ ಯುವರ್ ಚೇರ್. ವೆಲ್ ಅಂದರೆ ಚೆನ್ನಾಗಿ ಎಂಬುದು ಅವರಿಗೆ ಗೊತ್ತಿತ್ತು. ಕುರ್ಚಿಯನ್ನು ಚೆನ್ನಾಗಿ ಕಳೆದುಕೊಳ್ಳುವುದು ಹೇಗಪ್ಪಾ? ಮತ್ತೆ ಬಚ್ಚಲು, ಮತ್ತೆ ಪುಸ್ತಕ. ಇಲ್ಲಿ ವೆಲ್‌ಗೆ ಚೆನ್ನಾಗಿ ಎಂಬ ಅರ್ಥವೇ ಇಲ್ಲವಂತೆ. ಮೇ ಪಕ್ಕದಲ್ಲಿ ಬಂದು ನಿಂತರೆ, ಬಹುಮಟ್ಟಿಗೆ ಹಾಗೇ ಆಗುತ್ತದೆ ಎಂದು ಕುಮ್ಮಕ್ಕು ಕೊಡುವುದಂತೆ ಅದರ ಕೆಲಸ.

ಬುಧವಾರದ್ದು: ಯು ವಿಲ್ ಪ್ರಾಬಬ್ಲಿ ಲೂಸ್ ಯುವರ್ ಚೇರ್.

ಮೇಸ್ತ್ರಿಗೆ ಈಗ ಹುನ್ನಾರ ಹೊಳೆಯಿತು. ಲೂಸ್ ಎಂಬ ಕ್ರಿಯಾಪದ ಕೂತಲ್ಲೇ ಕೂತಿದೆ. ಅದರ ಮುಂದಿನ ಪುಟಗೋಸಿ ಪದಗಳು ಮಾತ್ರ ದಿನಕ್ಕೊಂದು ಮೆಟ್ಟಿಲು ಹತ್ತುತ್ತಿವೆ. ಅಂದರೆ ಯಾರೋ ಲೆಕ್ಕ ಹಾಕಿಯೇ ಹತ್ತುತ್ತಿದ್ದಾರೆ, ಕುರ್ಚಿಯ ಕಡೆಗೆ.

ಯಾರು? ಅನುಮಾನ ನೆಟ್ಟಗೆ ಹೋಗಿ ಕಲಾವಿದನ ಮೇಲೆ ಕೂತಿತು. ಬಟ್ಟೆಯ ಕಲೆ ತೆಗೆಯುವವನಾದ್ದರಿಂದ ಎಲ್ಲರೂ ಅವನನ್ನು ಕಲಾವಿದ ಅನ್ನುತ್ತಿದ್ದರು. ಅವನ ಮೇಜು ಇದ್ದದ್ದು ಕೋಟಿನ ಗೂಟದ ಪಕ್ಕದಲ್ಲೇ. ಸಾಲದ್ದಕ್ಕೆ ಮೇಡಂ ಹಾಗೆ ಮೂಗು ಮೇಲೆತ್ತಿ, “ಮೇಸ್ತ್ರಿಗಳೇ, ಇಂಗ್ಲಿಷ್ ಪ್ಲೀಸ್!” ಎಂದು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಮೇಸ್ತ್ರಿ ಅವನೊಂದಿಗೆ ಮಾತು ಬಿಟ್ಟರು. ಅವನು ಕೊಟ್ಟ ಟೀಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು.

ಗುರುವಾರ ಊಟ ಬಿಟ್ಟು, ಬೆಡ್‌ಶೀಟಿನ ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಕೋಟನ್ನೇ ಕಾದರು. ಕಲಾವಿದ ಬಂದ. ಆಚೀಚೆ ನೋಡಿದ. ಕೋಟಿನ ಕಾಲರ್ ಹಿಡಿದು ಏನೋ ಮಾಡಿದ. ಹೋದ. ಮೇಸ್ತ್ರಿ ಮಂಡಿ ಹಿಡಿದುಕೊಂಡೇ ಓಡಿದರು. ಜೇಬಿನಲ್ಲಿ ಚೀಟಿ: ಯು ವಿಲ್ ಡೆಫಿನೆಟ್ಲಿ ಲೂಸ್ ಯುವರ್ ಚೇರ್.

ಸಿಕ್ಕಿಬಿದ್ದ ಕಳ್ಳ! ಅವತ್ತೇ ಸಂಜೆ ಅವನ ಮೇಲೆ ಮೇಡಂಗೆ ದೂರು ಬರೆದರು, ಇಂಗ್ಲಿಷಿನಲ್ಲೇ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು. ಕಳ್ಳ ಇದನ್ನು ನಿಲ್ಲಿಸತಕ್ಕದ್ದು, ಕೂಡಲೇ ನಿಲ್ಲಿಸತಕ್ಕದ್ದು, ಇನ್ನೆಂದೂ ಮಾಡಕೂಡದು. ತಕ್ಕದ್ದು ಎನ್ನಲು ಮಸ್ಟ್ ಎಂದು ಬರೆದಲ್ಲೆಲ್ಲ ಪೆನ್ನು ಹಾಳೆ ತೂತು ಮಾಡಿತ್ತು.

ಶುಕ್ರವಾರ ಬೆಳಿಗ್ಗೆ ದೂರು ಕೊಡುವ ಮೊದಲು ಒಂದು ಸಲ ಮುಖಾಮುಖಿ ಕೇಳಿಬಿಡೋಣ ಎಂದು ನಾಲ್ಕೂ ಚೀಟಿಗಳನ್ನು ಕಲಾವಿದನ ಮೇಜಿಗೆ ಬಡಿದರು.

“ನನ್ ಕುರ್ಚಿ ಬೇಕಾ ನಿಂಗೆ? ಬಾಯಿ ಬಿಟ್ಟು ಕೇಳು!”

“ಅಯ್ಯೋ ಅಣ್ಣಾ, ನಿಮ್ ಕುರ್ಚೀಲಿ ಕೂತ್ರೆ ಕಲೆ ಯಾರ್ ತೆಗೀತಾರೆ?”

“ನಿನ್ನೆ ನನ್ ಕೋಟಿಗೆ ಕೈ ಹಾಕಿದ್ದು ಯಾರು?”

“ಕಾಲರಲ್ಲಿ ಎಣ್ಣೆ ಕಲೆ ಇತ್ತು. ನೋಡ್ಕೊಂಡು ಸುಮ್ನಿರಕ್ಕಾಗುತ್ತಾ? ಕೈ ಕಡೀತಿತ್ತು, ಒರೆಸ್ದೆ.”

ಮೇಸ್ತ್ರಿ ಕಾಲರ್ ಮುಟ್ಟಿ ನೋಡಿಕೊಂಡರು. ಸ್ವಚ್ಛ. ಅಷ್ಟರಲ್ಲಿ ಕಲಾವಿದ ಒಂದು ಚೀಟಿಯನ್ನು ದೀಪಕ್ಕೆ ಹಿಡಿದಿದ್ದ. ಏನನ್ನೇ ಕೊಟ್ಟರೂ ಅವನು ನೋಡುವುದು ಹಾಗೆಯೇ.

“ಇದು ಪಿನ್ನಿನ್ ತೂತಾ ಅಣ್ಣ? ನಾನ್ ಸೇರಿದಾಗಿಂದ ಇಲ್ಲಿ ಪಿನ್ನೇ ನೋಡಿಲ್ಲ. ಬಟ್ಟೆಗೆಲ್ಲ ಗುರುತಿಗೆ ಅಂಟೋ ಪಟ್ಟೀನೇ ತಾನೆ? ಮತ್ತೆ ಒಂದ್ ಪಿನ್ನಿಗೆ ಎರಡು ತೂತಾಗ್ಬೇಕು. ಇಲ್ಲಿ ಮೂರು ಮೂರಿವೆ.”

ಮೇಸ್ತ್ರಿ ಚೀಟಿ ಕಿತ್ತುಕೊಂಡು ತೂತುಗಳನ್ನು ತಾವೇ ಎಣಿಸಿದರು. ಹಿಂದೆ ಬಟ್ಟೆಗಳಿಗೆ ಗುರುತಿನ ಚೀಟಿಯನ್ನು ಪಿನ್ನಿನಲ್ಲಿ ಚುಚ್ಚುತ್ತಿದ್ದ ಕಾಲದಲ್ಲಿ, ಯಾರ ಬೆರಳಿಗೂ ತಾಗದಂತೆ ಮೊನೆಯನ್ನು ಮತ್ತೆ ಒಳಕ್ಕೆ ಹುದುಗಿಸುವ ಮೂರು ತೂತಿನ ಉಪಾಯ ಕಂಡುಹಿಡಿದದ್ದು ಅವರೇ. ಅದನ್ನು ಕಲಿಸಿದ್ದು ಒಬ್ಬಳಿಗೆ ಮಾತ್ರ, ಚೀಟಿ ವಿಭಾಗದಲ್ಲಿ ದಿನವೂ ಬೆರಳು ಚುಚ್ಚಿಸಿಕೊಂಡು ಅಳುತ್ತಿದ್ದ ಹುಡುಗಿಗೆ. ಆಮೇಲೆ ಅವಳನ್ನೇ ಮದುವೆಯಾದರು.

ಲಾಂಡ್ರಿಯ ಗೂಟ, ಗಾಡಿ, ಟೀ ಲೋಟವನ್ನೂ ಬಿಡದೆ ಅನುಮಾನಿಸಿದ ಮನುಷ್ಯನಿಗೆ, ಆ ಕೋಟು ದಿನಾ ಬೆಳಿಗ್ಗೆ ಯಾರ ಕೈಯಿಂದ ಬರುತ್ತದೆ ಎಂಬುದೇ ಹೊಳೆದಿರಲಿಲ್ಲ. ದೂರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು. “ಟೀ ಇದೆಯೇನಪ್ಪಾ?” ಎಂದು ಮೆಲ್ಲಗೆ ಕೇಳಿ, ಕಲಾವಿದ ಕೊಟ್ಟದ್ದನ್ನು ಮೂಸದೆ ಕುಡಿದು ಪರೀಕ್ಷೆಗೆ ಹೋದರು.

ಮೇಡಂ ಕೊಟ್ಟ ವಿಷಯ: ದಿಂಬಿನ ಚೀಲಗಳಲ್ಲಿ ಶಾಯಿ ಕಲೆ ಇದೆಯೆಂದು ಹೋಟೆಲೊಂದು ಗಲಾಟೆ ಮಾಡುತ್ತಿದೆ, ಉತ್ತರ ಬರೆಯಿರಿ. ಮೇಸ್ತ್ರಿಯ ಪೆನ್ನು ಒಂದು ಕ್ಷಣ ತಡವರಿಸಿತು. ಆಮೇಲೆ ಸೋಮವಾರದಿಂದ ಹತ್ತಿದ ಮೆಟ್ಟಿಲುಗಳನ್ನೇ ಮತ್ತೆ ಹತ್ತಿತು. ಕಲೆ ಹಳೆಯದಿದ್ದರೂ ಇರಬಹುದು, ಮೈಟ್. ಬಹುಮಟ್ಟಿಗೆ ನಿಮ್ಮ ಅತಿಥಿಯದೇ, ಮೇ ವೆಲ್. ನಮ್ಮ ಕಲಾವಿದ ಪ್ರಾಯಶಃ ತೆಗೆದಾನು, ವಿಲ್ ಪ್ರಾಬಬ್ಲಿ. ಸೋಮವಾರದೊಳಗೆ ಖಂಡಿತ ಕಳಿಸುತ್ತೇವೆ, ವಿಲ್ ಡೆಫಿನೆಟ್ಲಿ.

ಮೇಡಂ ಓದಿದರು. ಮೂಗು ಕೆಳಗಿಳಿಯಿತು.

“ಅಷ್ಟಷ್ಟೇ ಒಪ್ಕೊಂಡು ಅಷ್ಟಷ್ಟೇ ಜಾರ್ಕೊಂಡಿದೀರ. ಹೋಟೆಲ್‌ನೋರಿಗೆ ಹೀಗೇ ಬರೀಬೇಕು. ಹೋಗಿ ಮೇಸ್ತ್ರಿಗಳೇ, ನಿಮ್ ಕುರ್ಚೀಲಿ ಕೂತ್ಕೊಳ್ಳಿ.”

ಸಂಜೆ ಮನೆಗೆ ಬಂದವರು ಮುಖ ಬಿಗಿದುಕೊಂಡೇ ಹೇಳಿದರು: “ಕೋಟಿನ ಗುಂಡಿ ಕಿತ್ತೋಗಿದೆ. ಸದ್ಯಕ್ಕೊಂದು ಪಿನ್ ಹಾಕು.”

ಹೆಂಡತಿ ಹಾಕಿದಳು. ಒಳಗೆ, ಹೊರಗೆ, ಮತ್ತೆ ಒಳಗೆ. ಮೇಸ್ತ್ರಿ ನಾಲ್ಕೂ ಚೀಟಿಗಳನ್ನು ಅದರ ಪಕ್ಕದಲ್ಲಿಟ್ಟರು.

ಅವಳು ಸೆರಗು ಬಾಯಿಗಿಟ್ಟುಕೊಂಡಳು. “ನಾಲ್ಕು ಬೇಕಾಯ್ತೇನ್ರೀ? ನಾನು ಎರಡಕ್ಕೇ ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ.”

“ಕಟ್ಕೊಂಡ ಗಂಡನ್ನ ಹೀಗಾ ಹೆದರ್ಸೋದು?”

“ಹೆದರಿಸ್ದೆ ಇದ್ರೆ ಪುಸ್ತಕ ಮುಟ್ತಿದ್ರಾ? ಸೋಪಿನ ಡಬ್ಬಿ ಹತ್ರಕ್ಕೆ ಅದೇನು ಕಾಲ್ ಬಂದು ನಡ್ಕೊಂಡು ಹೋಗಿತ್ತಾ? ಅದಿರ್ಲಿ, ಕುರ್ಚಿ ಏನಾಯ್ತು?”

“ಉಳೀತು” ಎಂದರು ಮೇಸ್ತ್ರಿ. ಗಂಭೀರವಾಗಿಯೇ ಹೇಳಬೇಕೆಂದಿದ್ದರು, ಆದರೆ ತುಟಿಯಂಚು ಮಾತು ಕೇಳಲಿಲ್ಲ. “ಅದಕ್ಕೇನೂ ಆಗಲ್ಲ ಬಿಡು. ಸೋಮವಾರ ನಾಲ್ಕೂ ಕಾಲಿಗೆ ಸ್ಕ್ರೂ ಬಿಗಿ ಮಾಡ್ಬಿಟ್ಟಿದೀನಿ.”

“ಸ್ಕ್ರೂ ಯಾಕೆ?”

“ಚೀಟೀಲಿ ಲೂಸ್ ಅಂತ ಇತ್ತಲ್ಲೇ!”

ಅವಳು ನೆಲಕ್ಕೆ ಕುಸಿದು ನಕ್ಕಳು. ಮೇಸ್ತ್ರಿ ಕುರ್ಚಿ ತಲೆಕೆಳಗು ಮಾಡಿದ್ದನ್ನೂ, ಎರಡೆರಡು ಸಲ ಕೂತೆದ್ದದ್ದನ್ನೂ ಅಭಿನಯಿಸಿ ತೋರಿಸಲು ಹೋದವರು ಮೂರನೆಯ ಸಲ ಏಳಲಾಗದೆ, ಕಣ್ಣೀರು ಒರೆಸಿಕೊಳ್ಳುತ್ತ, ಅವಳ ನಗುವೇ ಕೇಳದಷ್ಟು ಜೋರಾಗಿ ನಕ್ಕರು.