ನಿಂಗಾಜಮ್ಮನ ಗಿಣಿ

ನಾನೊಂದು ಅಡಕತ್ತರಿ. ನಾಗಮಂಗಲದ ಕಡೆಯ ಒಬ್ಬ ಕಮ್ಮಾರ ನನ್ನನ್ನು ಕಾಯಿಸಿ, ಬಡಿದು, ತಲೆಯ ಮೇಲೊಂದು ಗಿಣಿಮೂತಿ ಕೂರಿಸಿ ಸಂತೆಗೆ ತಂದ. ಎಂಥಾ ಗಟ್ಟಿ ಅಡಿಕೆ ಕೊಟ್ಟರೂ ಒಂದೇ ಅದುಮಿಗೆ ಎರಡು ಹೋಳು ಮಾಡುತ್ತಿದ್ದೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ. ಇದ್ದದ್ದನ್ನು ಹೇಳಿದೆ.

ನನ್ನನ್ನು ಕೊಂಡವಳು ಮೈಸೂರಿನಲ್ಲಿ ಹೂ ಮಾರುತ್ತಿದ್ದ ಕೆಂಪಾಜಮ್ಮ. ಅವಳು ಕಣ್ಮುಚ್ಚುವ ಮುಂಚೆ ಎಲೆಚೀಲದ ಸಮೇತ ನನ್ನನ್ನು ಸೊಸೆ ನಿಂಗಾಜಮ್ಮನ ಮಡಿಲಿಗೆ ಹಾಕಿದಳು. ನಿಂಗಾಜಮ್ಮ ನನ್ನನ್ನು ಗಿಣಿ ಎಂದೇ ಕರೆದಳು. ಜಗಲಿಯಲ್ಲಿ ಕೂತು, ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಮಲ್ಲಿಗೆ ಕಟ್ಟತೊಡಗಿದರೆ ಅವಳ ಕೈ ಕಾಣುತ್ತಿರಲಿಲ್ಲ. ಮಾಲೆ ಮುಗಿದೊಡನೆ ದಾರವನ್ನು ಬಾಯಿಯ ಬಲಗಡೆಗೆ ಕೊಟ್ಟು ಕಟಕ್ಕೆಂದು ಕಚ್ಚಿ ಹರಿಯುವಳು. ಆಮೇಲೆ ಎಲೆ, ಸುಣ್ಣ, ನಾನು ಕತ್ತರಿಸಿದ ಅಡಿಕೆ, ಒಂದು ಚಿಟಿಕೆ ಹೊಗೆಸೊಪ್ಪು, ಎಲ್ಲವೂ ಅದೇ ಬಲಗೆನ್ನೆಗೆ.

ಐವತ್ತಾರನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಹೋಳಿಗೆ ಎಂದರೆ ಪ್ರಾಣ ಬಿಡುತ್ತಿದ್ದವಳು ಮರುಮಾತಿಲ್ಲದೆ ಸಿಹಿ ಬಿಟ್ಟಳು. ಆದರೆ ಊಟವಾದ ಮೇಲೆ ಬಾಯಿ ಚಪ್ಪೆ ಚಪ್ಪೆ. "ಎಲೆಅಡಿಕೇಲಿ ಸಕ್ಕರೆ ಇಲ್ವಲ್ಲ" ಎಂದು ಎರಡು ಸಲದ್ದನ್ನು ಆರು ಸಲ ಮಾಡಿಕೊಂಡಳು. ನನಗೆ ಖುಷಿಯೋ ಖುಷಿ. ದಿನವಿಡೀ ಅವಳ ಕೈಯಲ್ಲಿರುವುದು ಕಡಿಮೆ ಭಾಗ್ಯವೇ? ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ಅವಳ ಹಿಮ್ಮಡಿಯ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಸಕ್ಕರೆ ಇದ್ದವರಿಗೆ ಹಾಗೇ ಎಂದಿದ್ದರು ಡಾಕ್ಟರು. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಬಲಗೆನ್ನೆಯ ಒಳಗೆ ಹುಣ್ಣಾದಾಗ, ಇದೂ ಸಕ್ಕರೆಯದೇ, ತಡವಾಗಿ ಮಾಯುತ್ತದೆ ಎಂದು ಮೂರು ತಿಂಗಳು ಯಾರಿಗೂ ಹೇಳಲಿಲ್ಲ.

ನನಗೆ ಮಾತ್ರ ತಿಳಿಯಿತು. ಒಂದು ಬೆಳಗ್ಗೆ ದಾರವನ್ನು ಬಾಯಿಯತನಕ ತಂದವಳು ಅಲ್ಲೇ ತಡೆದು, ನನ್ನನ್ನು ಎತ್ತಿಕೊಂಡು ಕತ್ತರಿಸಿದಳು. ಮರುದಿನವೂ ಹಾಗೇ. ಕೂಗಿ ಹೇಳೋಣವೆಂದರೆ ನನ್ನದು ಕಬ್ಬಿಣದ ಜನ್ಮ. ಸದ್ಯ, ಅವಳ ಸೊಸೆ ಶಿವರತ್ನಳ ಕಣ್ಣು ಚುರುಕು.

"ಅತ್ತೆ, ಮೂವತ್ತು ವರ್ಸದಿಂದ ದಾರ ಕಚ್ತಿದ್ದೋರು ಈಗ್ಯಾಕೆ ಅಡಕತ್ತರೀಲಿ ಕತ್ತರಿಸ್ತೀರಿ? ಬಾಯಿ ತೆಗೀರಿ, ನೋಡ್ತೀನಿ."

"ಸಕ್ಕರೆ ಹುಣ್ಣು ಕನವ್ವ. ಹಿಮ್ಮಡೀದು ವಾಸಿ ಆಗ್ಲಿಲ್ವಾ?"

"ಹಿಮ್ಮಡಿಗೆ ನೀವು ಹೊಗೆಸೊಪ್ಪು ಮೆತ್ತಿರ್ಲಿಲ್ಲ. ಏಳಿ ಮೇಲಕ್ಕೆ."

ಸೊಂಟದ ಎಲೆಚೀಲದಲ್ಲಿ ನಾನೂ ಆಸ್ಪತ್ರೆಗೆ ಹೋದೆ. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಕ್ಯಾನ್ಸರ್ ಎಂದರು.

"ಕಾರಣ ಹೊಗೆಸೊಪ್ಪು, ಅಡಿಕೆ. ಸಕ್ಕರೆ ಹತೋಟಿ ತಪ್ಪಿದ್ರೆ ಇದು ಬೇಗ ಹರಡಬಹುದು ಅನ್ನೋ ಅನುಮಾನ ಇದೆ, ಪೂರ್ತಿ ಗೊತ್ತಾಗಿಲ್ಲ. ಆದ್ರೆ ಸಕ್ಕರೆ ಹುಣ್ಣು ಅಂತ ಕಾಯ್ತಾ ಕೂತ್ರಲ್ಲ, ಆ ಮೂರು ತಿಂಗಳು ಕಾಯಿಲೆಗೆ ಸಿಕ್ತು."

ಕ್ಯಾನ್ಸರ್ ಕುತ್ತಿಗೆಗೆ ಇಳಿದಿದೆಯೋ ಇಲ್ಲವೋ ಆಪರೇಷನ್ ಆದ ಮೇಲೇ ಖಚಿತ. ಸಕ್ಕರೆ ಇಳಿಯುವತನಕ ಆಪರೇಷನ್ನೂ ಇಲ್ಲ. ಒಂಬತ್ತು ದಿನ ಇನ್ಸುಲಿನ್ ಚುಚ್ಚಿದರಂತೆ. ಮೊದಲ ದಿನವೇ ನಿಂಗಾಜಮ್ಮ ನನ್ನನ್ನು ಸೊಸೆಯ ಕೈಗಿಟ್ಟಳು. "ತಕ್ಕೊಂಡೋಗು. ಕಣ್ಮುಂದಿದ್ರೆ ಕೈ ಹೋಯ್ತದೆ." ನನ್ನ ಮೂತಿಯನ್ನು ಒಮ್ಮೆ ಸವರಿದಳು. ನನಗೆ ಅಳು ಬಂತು.

ಗೋಡೆಯ ಗೂಡಿನಲ್ಲಿ ತುಕ್ಕು ಹಿಡಿಯುತ್ತಾ ಕೂತೆ. ಆಪರೇಷನ್ ಆಗಿ ಅದರ ವರದಿ ಬಂದ ದಿನ ಶಿವರತ್ನ ಹೊಸ್ತಿಲಲ್ಲೇ ಕೂತು, "ಕುತ್ತಿಗೆಗೆ ಇಳಿದಿಲ್ವಂತೆ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದ ನಿಂಗಾಜಮ್ಮನ ಬಲಗೆನ್ನೆ ಒಳಕ್ಕೆ ಹೋಗಿತ್ತು. ಬಾಯಿ ಎರಡು ಬೆರಳಷ್ಟೇ ತೆರೆಯುತ್ತಿತ್ತು. ಬೆಳಗ್ಗೆ ಸಕ್ಕರೆಯ ಮಾತ್ರೆ ಅರ್ಧ ನುಂಗಬೇಕಿತ್ತು. ಶಿವರತ್ನ ಚಾಕು ಇಟ್ಟರೆ ಮಾತ್ರೆ ಹಾರಿ ಮಂಚದ ಕೆಳಗೆ ಹೋಯಿತು.

"ಗಿಣಿ ಎಲ್ಲವ್ವ?" ಎಂದಳು ನಿಂಗಾಜಮ್ಮ, ತೊದಲುತ್ತಾ.

ಶಿವರತ್ನ ನನ್ನನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು ತಂದಳು. ಈಗ ನನಗೆ ವಯಸ್ಸಾಗಿದೆ, ಕೀಲು ಸಡಿಲ. ಅಡಿಕೆ ಕತ್ತರಿಸಲು ಆಗುವುದೂ ಇಲ್ಲ, ಕೊಡುವವರೂ ಇಲ್ಲ. ಮಾತ್ರೆ ಹೋಳು ಮಾಡುವುದೊಂದೇ ಕೆಲಸ. ಅರ್ಧವನ್ನು ಅವಳು ನುಂಗುತ್ತಾಳೆ. ಇನ್ನರ್ಧವನ್ನು ನಾಳೆಗೆಂದು ಕಾಗದದಲ್ಲಿ ಸುತ್ತಿ ನನ್ನ ಪಕ್ಕದಲ್ಲಿಡುತ್ತಾಳೆ. ಅವಳ ನಾಳೆಯನ್ನು ನಾನು ಕಾಯುತ್ತಿರುತ್ತೇನೆ.